ಫ್ರಾನ್ಸಿನ ಬಾಡಿಗೆ ಕಾರಿಗೆ ಪರ್ಮಿಟ್ಟು

ಕೋಲಾರ, ೪ ಜೂನ್ ೧೯೮೪

ಬೆಳಿಗ್ಗೆಯಿಂದ ಆರ್‌ಟಿಓ ಆಫೀಸಿನ ನನ್ನ ಮೇಜಿಗೆ ಹನ್ನೊಂದು ಲಾರಿ, ಎರಡು ಟ್ರಾಕ್ಟರ್. ಸೀಲು ಒತ್ತಿ ಹೆಬ್ಬೆರಳು ಊದಿದೆ. ಹನ್ನೆರಡಕ್ಕೆ ಬಂದ — ಗಂಗುಲಪ್ಪ, ಶ್ರೀನಿವಾಸಪುರದ ರೇಷ್ಮೆ ಸಾಹುಕಾರ. ಅವನಿಗೆ ನನ್ನ ಗುರುತು ಸಿಗಲಿಲ್ಲ. ನನಗೆ ಸಿಕ್ಕಿತು. ಏಳು ವರ್ಷದ ಹಿಂದೆ ಶ್ಯಾಮಲಳಿಗೂ ನನಗೂ ಮದುವೆ ಗೊತ್ತಾಗಿತ್ತು. ಇವನು ಅವಳಪ್ಪನಿಗೆ, "ಗುಮಾಸ್ತನಿಗೆ ಕೊಟ್ರೆ ಹುಡುಗಿ ಜೀವನವೆಲ್ಲ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ಬೇಕು" ಅಂದ. ತಿಂಗಳೊಳಗೆ ತಾನೇ ತಾಳಿ ಕಟ್ಟಿದ.

ಇವತ್ತು — "ಫ್ರಾನ್ಸಿಗೆ ಹೋಗ್ತಿದೀನಿ ಸ್ವಾಮಿ, ಮಗ್ಗ ನೋಡೋಕೆ. ಅಲ್ಲಿ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ. ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕಂತೆ."

ಪಾಸ್‌ಪೋರ್ಟು, ಟಿಕೆಟ್ಟು, ಫೋಟೋ ಸರಿ. ಲೈಸೆನ್ಸು ಮಾತ್ರ... ಅಂದು ಟೆಸ್ಟು ಕೊಟ್ಟವನು ಅವನ ಡ್ರೈವರ್ ಮುನಿಶಾಮಿ, ಯಜಮಾನನ ಕೋಟು ತೊಟ್ಟು. ಆಫೀಸಿಗೆಲ್ಲ ಗೊತ್ತು. ಗಂಗುಲಪ್ಪನಿಗೆ ಕ್ಲಚ್ಚಿಗೂ ಕಚ್ಚೆಗೂ ವ್ಯತ್ಯಾಸ ತಿಳಿಯದು.

ಸಂಜೆ ೬

ತಡೆಯಬಹುದಿತ್ತು. ತಡೆದರೆ ಅದೆಂಥ ಸೇಡು? ಕೊಡುತ್ತೇನೆ. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವಂತೆ. ಇವನಿಗೆ ಎರಡು ಕಡೆಯೂ ಒಂದೇ. ನನ್ನ ಸರ್ವೀಸಿನಲ್ಲಿ ಇಷ್ಟು ಚುರುಕಾಗಿ ಯಾರ ಸೇವೆಯನ್ನೂ ಮಾಡಿದ್ದಿಲ್ಲ.

೮ ಜೂನ್

ಪರ್ಮಿಟ್ಟು ಸಿದ್ಧ. ಒಯ್ಯಲು ಬಂದವಳು ಶ್ಯಾಮಲಾ. ಅವಳೂ ಹೋಗುತ್ತಿದ್ದಾಳೆ. ಪಕ್ಕದ ಸೀಟಿನಲ್ಲಿ ಅವಳಿರುತ್ತಾಳೆಂದು ನನಗೆ ಹೊಳೆದೇ ಇರಲಿಲ್ಲ. ಹೇಳಿಬಿಟ್ಟೆ — "ನಿಮ್ಮ ಯಜಮಾನರಿಗೆ ಗಾಡಿ ಓಡಿಸೋಕೆ ಬರಲ್ಲ."

"ಗೊತ್ತು ಕಣ್ರೀ. ಮನೆ ಗೇಟಿಗೆ ಎರಡು ಸಲ ಗುದ್ದಿದಾರೆ." ಚೀಲದಿಂದ ಕಾಗದ ತೆಗೆದಳು. "ಇದು ನನ್ನ ಅರ್ಜಿ, ಇದು ನನ್ನ ಲೈಸೆನ್ಸು. ಎರಡು ವರ್ಷ ಆಯ್ತು. ದೇವರಾಯಸಮುದ್ರದ ಕೆರೆ ಏರಿ ಮೇಲೆ ಮುನಿಶಾಮಿ ಕಲಿಸಿದ. ಅವರಿಗೆ ಗೊತ್ತಿಲ್ಲ."

"ಅವರ ಪರ್ಮಿಟ್ಟು?"

"ಅದನ್ನ ಕೊಡದೆ ತಡೀರಿ. ಏಳು ವರ್ಷ ನನ್ನ ಕೈಲಿದ್ದದ್ದನ್ನೆಲ್ಲ ಕಿತ್ಕೊಂಡಿದಾರೆ. ಒಂದ್ಸಲ ನಾನೂ ಕಿತ್ಕೊತೀನಿ."

ಇವಳ ಸೇಡಿನ ಮುಂದೆ ನನ್ನದು ಎಲ್‌ಕೇಜಿ. ಸಾಹೇಬರಿಂದ ಅವನ ಫೈಲಿನ ಮೇಲೆ 'ಮರುಪರೀಕ್ಷೆ' ಎಂದು ಬರೆಸಿದೆ.

೧೧ ಜೂನ್, ಮಧ್ಯಾಹ್ನ ೩

ಗಂಡಹೆಂಡತಿ ಬಂದರು. ಒಂದೇ ಪರ್ಮಿಟ್ಟು ಕೊಟ್ಟೆ.

"ಇದರಲ್ಲಿ ಇವಳ ಫೋಟೋ ಇದೆಯಲ್ರೀ! ನಂದೆಲ್ಲಿ?"

"ಕೊಡ್ತೀನಿ. ನಿಮ್ಮ ಕಾರಲ್ಲೇ ಮೈದಾನದಲ್ಲಿ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿ ತೋರ್ಸಿ."

ಮುನಿಶಾಮಿಯನ್ನು ಅವಳು ಆಗಲೇ ಟೀ ಕುಡಿಯಲು ಕಳಿಸಿದ್ದಳು. ಲಾರಿಯವರು ನೆರೆದರು. "ಎಕ್ಕಂಡಿ, ಹತ್ತಿ ಸಾಹುಕಾರ್ರೇ!" ಎಂದು ಒಬ್ಬ ಕೂಗಿದ. ಶ್ಯಾಮಲಾ ಕೀ ಗಂಡನ ಕೈಗಿಟ್ಟಳು — "ಬೇಗ ಹಾಕ್ಬಿಟ್ಟು ಬನ್ರೀ."

ಕೀ ಹಿಡಿದು ಕಾರಿನ ಹತ್ತಿರ ಹೋದ. ಸುತ್ತ ನೋಡಿದ. ಆಮೇಲೆ, ಅಭ್ಯಾಸಬಲ... ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಕೂತು, "ನಡಿಯೋ ಮುನಿಶಾಮಿ" ಎಂದ.