ನಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ತಮ್ಮ ಔಷಧಾಲಯ

ಆಸ್ಪತ್ರೆಯ ಔಷಧ ವಿತರಣೆಯ ಮೇಲಧಿಕಾರಿಗಳೇ,

ಬೇಡ ಎಂದವರ ಕೈಗೆ ತುರುಕುತ್ತೀರಿ, ಬೇಕು ಎಂದವರನ್ನು ಬರಿಗೈಯಲ್ಲಿ ಕಳಿಸುತ್ತೀರಿ. ನನ್ನ ದೂರು ಇಷ್ಟೇ. ತಮಗೆ ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ನನ್ನ ಅತ್ತೆಗೆ ರಕ್ತದೊತ್ತಡ. ಹಳೆಯ ಮಾತ್ರೆಯಿಂದ ಕಾಲು ಊದುತ್ತಿದೆಯೆಂದು ತಮ್ಮದೇ ಡಾಕ್ಟರು ಅದನ್ನು ನಿಲ್ಲಿಸಿ ಹೊಸದು ಬರೆದರು. ಆದರೂ ತಮ್ಮ ಕಿಟಕಿಯಿಂದ ಪ್ರತಿ ತಿಂಗಳೂ ಹೊಸದರ ಜೊತೆ ಹಳೆಯದೂ ಬರುತ್ತದೆ. "ಹಳೇದು ಬೇಡಪ್ಪ" ಎಂದರೆ, "ಒಂದು ಬಿಟ್ರೆ ಎಲ್ಲಾ ಬಿಟ್ಟ ಹಾಗೆ. ಔಷಧಿ ಕಾರ್ಡೇ ರದ್ದಾಗುತ್ತೆ, ಆಮೇಲೆ ನನ್ನ ಕೇಳ್ಬೇಡಿ" ಎನ್ನುತ್ತಾರೆ ಕಿಟಕಿಯವರು. ಎಂಥ ಆತಿಥ್ಯ! ಹೊಟ್ಟೆ ತುಂಬಿತು ಎಂದವರಿಗೆ ಇನ್ನಷ್ಟು ಬಡಿಸಿ, ಉಣ್ಣದಿದ್ದರೆ ನಾಳೆಯಿಂದ ತಟ್ಟೆಯನ್ನೇ ಇಡುವುದಿಲ್ಲ ಎಂದು ಹೆದರಿಸುವುದು. "ನಾನೇನು ಕೋಳಿನಾ, ಹಾಕಿದ್ದೆಲ್ಲ ನುಂಗೋಕೆ?" ಎಂದು ಅತ್ತೆ ರೇಗುತ್ತಾರೆ. ಮಾತ್ರೆಗಳು ಬಿಸ್ಕತ್ತಿನ ಡಬ್ಬಿ ತುಂಬಿ, ಈಗ ನನ್ನ ಹೊಲಿಗೆ ಯಂತ್ರದ ಡ್ರಾಯರಿಗೆ ಇಳಿದಿವೆ. ನಮ್ಮ ಬೀದಿಯ ಯಾವ ಕಪಾಟು ತೆರೆದರೂ ಇದೇ ವೈಭವ. ಅವಧಿ ಮುಗಿದ ಮೇಲೆ ಎಲ್ಲವೂ ಚರಂಡಿಗೆ. ನಮ್ಮ ಚರಂಡಿಗೆ ಈಗ ರಕ್ತದೊತ್ತಡವೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಗೋಡೆ ತುಂಬ ಉಪದೇಶ ಬರೆಸುವ ತಾವೇ ಹೀಗೆ ಪೋಲು ಮಾಡಿಸುತ್ತೀರಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುವುದು ಇದಕ್ಕೇ ತಾನೇ?

ಮೊನ್ನೆ ಸಾಲಿನಲ್ಲಿ ನನ್ನ ಹಿಂದೆ ಪಕ್ಕದ ಮನೆಯ ಬೋರ್ಡ್ ಬರೆಯುವ ಅಣ್ಣ ನಿಂತಿದ್ದರು. ತಮ್ಮ ಗೋಡೆಗಳ ಮೇಲಿನ ಉಪದೇಶವೆಲ್ಲ ಅವರ ಕೈಬರಹವೇ. ನಮಗೆ ಬೇಡವಾದ ಮಾತ್ರೆಯೇ ಅವರಿಗೆ ಬೇಕಾದದ್ದು. ಕೊನೆಯ ಪೊಟ್ಟಣ ನನ್ನ ಮುಂದೆ ಬಂತು. ನಾನು ಮುಟ್ಟಲಿಲ್ಲ.

"ಇದನ್ನ ಹಿಂದಿನೋರಿಗೆ ಕೊಡಿ."

"ನಿಮ್ಮ ಹೆಸರಿಗೆ ಆಗೋಯ್ತು. ಅವರಿಗೆ ಸ್ಟಾಕ್ ಇಲ್ಲ, ಮುಂದಿನ ವಾರ ಬರ್ಲಿ."

ಕೊನೆಗೆ ಪೊಟ್ಟಣ ತೆಗೆದುಕೊಂಡು ಹೊರಗೆ ಬಂದು ನಾನೇ ಕೊಡಹೋದೆ. ಅಣ್ಣ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕರು. "ಬೇಡಮ್ಮ. ಇನ್ನೊಬ್ಬರ ಮಾತ್ರೆ ನುಂಗಬೇಡಿ ಅಂತ ಒಳಗಡೆ ಬರೆದೋನೇ ನಾನು. ನಾನೇ ತಪ್ಪಿದ್ರೆ ಹೇಗೆ? ಒಂದು ವಾರ ತಾನೇ."

ಮುಂದಿನ ವಾರವೂ ಸ್ಟಾಕ್ ಬರಲಿಲ್ಲ, ಅದರಾಚೆಯ ವಾರವೂ ಬರಲಿಲ್ಲ. ತಮ್ಮ ಗೇಟಿನ ಬಳಿ 'ಔಷಧ ಪೋಲು ಮಾಡಬೇಡಿ' ಎಂಬ ಹೊಸ ಬೋರ್ಡ್ ಬರೆಯುತ್ತಿದ್ದ ಅಣ್ಣ ಏಣಿಯ ಬುಡದಲ್ಲಿ ಕುಸಿದರು. ಲಕ್ವ ಹೊಡೆದು ಈಗ ಬಲಗೈ ಏಳುವುದಿಲ್ಲ. ಮಾತ್ರೆ ತಪ್ಪಿದ್ದೇ ಕಾರಣ ಎಂದವರು ತಮ್ಮದೇ ಡಾಕ್ಟರು. ತಮ್ಮ ಗೋಡೆಯ ಮಾತನ್ನು ಪಾಲಿಸಿದ ಒಬ್ಬನೇ ಒಬ್ಬ ಮನುಷ್ಯನಿಗೆ ತಾವು ಕೊಟ್ಟ ಬಹುಮಾನ ಇದು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಮಾನ್ಯರೇ.

ಬೇಡವಾದದ್ದನ್ನು ವಾಪಸ್ ತಂದರೆ, ಮನೆಗೆ ಹೋಗಿ ಬಂದ ಮಾತ್ರೆಯನ್ನು ನಂಬಲಾಗದು ಎನ್ನುತ್ತೀರಿ. ಒಪ್ಪಿದೆ. ಬಿಸಿಲಲ್ಲಿತ್ತೋ, ಒಲೆಯ ಪಕ್ಕದಲ್ಲಿತ್ತೋ, ಯಾರು ಕಂಡರು? ಹಾಗಾದರೆ ಕಿಟಕಿ ದಾಟುವ ಮೊದಲೇ "ಇದು ಬೇಕಾ?" ಎಂದು ಕೇಳಿದರೆ ಬಾಯಿ ಸವೆಯುತ್ತದೆಯೇ? ಬೇಡವೆಂದದ್ದನ್ನು ಅಲ್ಲೇ ಉಳಿಸಿಕೊಂಡು ಹಿಂದೆ ನಿಂತವರಿಗೆ ಕೊಡಿ. ಬೇಡ ಎಂದವರ ಕಾರ್ಡ್ ರದ್ದು ಮಾಡಬೇಡಿ. ಡಾಕ್ಟರು ನಿಲ್ಲಿಸಿದ್ದನ್ನು ತಾವೂ ನಿಲ್ಲಿಸಿ.

ಆ ಬೋರ್ಡ್ ಅರ್ಧಕ್ಕೇ ನಿಂತಿದೆ. ಬೇಗ ಮುಗಿಸಿ ಎಂದು ತಮ್ಮ ಕಚೇರಿಯಿಂದ ಅಣ್ಣನಿಗೆ ಹೇಳಿಕಳಿಸಿದ್ದೀರಂತೆ. ಒಪ್ಪಿಕೊಂಡ ಕೆಲಸ ಬಿಡುವ ಜಾಯಮಾನ ಅವರದಲ್ಲ. ಮನೆಯಲ್ಲಿ ಕೂತು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಾರೆ. ಅವರು ಮತ್ತೆ ಏಣಿ ಹತ್ತುವ ಮೊದಲು ಈ ನಿಯಮ ಬದಲಾಗಬೇಕು. ಆಗದಿದ್ದರೆ ಉಳಿದ ಅಕ್ಷರಗಳನ್ನು ತಾವೇ ಬರೆದುಕೊಳ್ಳಿ. ತಮ್ಮ ಎರಡೂ ಕೈ ಚೆನ್ನಾಗಿವೆ.

ಇಂತಿ,
ತಮ್ಮ ಗೋದಾಮನ್ನು ಬಿಟ್ಟಿಯಾಗಿ ಕಾಯುತ್ತಿರುವ
ಹೊಲಿಗೆಯವಳು