ಹಳೇ ಗೇರ್ ಕವರಿನ ಧೂಳು

24 ನವೆಂಬರ್ 2024, ಭಾನುವಾರ

ಹೊಸ ಗೇರ್ ನಾಬ್ ಸೊಟ್ಟಗೇ ಕೂತಿದೆ. ಬಿಗಿಯಾಗಿ ತಿರುಗಿಸಿದರೆ ಅದರ ಮೇಲಿನ ಒಂದು, ಎರಡು, ಮೂರು ಎಲ್ಲ ಬಾಗಿಲ ಕಡೆಗೆ ತಿರುಗುತ್ತವೆ. ನೆಟ್ಟಗೆ ನಿಲ್ಲಿಸಿದರೆ ಲೊಡಲೊಡ ಅನ್ನುತ್ತದೆ. ನಾಳೆ ಯಳಂದೂರಿನ ಸ್ಕೂಲಿಗೆ ಹೀಗೇ ಓಡಿಸಿಕೊಂಡು ಹೋಗಬೇಕು.

ಅಪ್ಪನ ಕಾರು. ಅವರು ತೀರಿಕೊಂಡು ಎಂಟು ತಿಂಗಳು. ಗೇರಿನ ಕವರು ಹರಿದಿತ್ತು, ನಾಬ್ ಅಂಟಂಟಾಗಿ ಅಂಗೈಗೆ ಮೆತ್ತಿಕೊಳ್ಳುತ್ತಿತ್ತು. ಎರಡನ್ನೂ ಆನ್‌ಲೈನಲ್ಲಿ ತರಿಸಿ ಇವತ್ತು ನಾನೇ ಹಾಕಿದೆ. ಹಳೇ ಕವರು ಬಿಚ್ಚಿದಾಗ ಮಡಿಕೆಗಳಲ್ಲಿ ಬೆಳ್ಳಗೆ ಪುಡಿ ಕೂತಿತ್ತು. ರಸ್ತೆ ಧೂಳು ಅಂದುಕೊಂಡು ಕಾಂಪೌಂಡ್ ಗೋಡೆಗೆ ನಾಲ್ಕು ಸಲ ಬಡಿದೆ. ಗಾಳಿಗೆ ಹೋಯಿತು. ಆಮೇಲೆ ಅಂಗೈ ನೋಡಿಕೊಂಡೆ. ವಿಭೂತಿ.

ದಿನಾ ಲಿಂಗಪೂಜೆ ಮುಗಿಸಿ, ಕೈ ಒರೆಸಿಕೊಳ್ಳದೆ ಹಾಗೇ ಕಾರು ಹತ್ತಿ ಕುಂತೂರಿನ ಫ್ಯಾಕ್ಟರಿ ಕೆಲಸಕ್ಕೆ ಹೊರಡುತ್ತಿದ್ದರು. ಲಿಂಗ ಹಿಡಿಯುವ ಎಡಗೈಯೇ ಗೇರ್ ಹಾಕುವ ಕೈ. ಹನ್ನೊಂದು ವರ್ಷ. "ಕೈ ಒರೆಸ್ಕೊಳ್ಳಪ್ಪ, ಎಲ್ಲಾ ಬೆಳ್ಳಗಾಯ್ತದೆ" ಅಂತ ನಾನೇ ಬೈಯುತ್ತಿದ್ದೆ. ಸಮಾಧಿಯಲ್ಲಿ ಕೂರಿಸಿದಾಗಲೂ ಆ ಕೈಯಲ್ಲೇ ಲಿಂಗ ಇಟ್ಟೆವು.

ಒಳಗೆ ಬಂದಾಗ ಅವ್ವ ಕೇಳಿದಳು, "ಅದೇನವ್ವ, ಕೈಯಿ ನಿಮ್ಮಪ್ಪನ ಕೈ ಇದ್ದಂಗದೆ?"

"ಗಾಡಿ ಧೂಳು ಕಣವ್ವ" ಅಂದುಬಿಟ್ಟೆ. ಗೋಡೆಗೆ ಬಡಿದು ಬಂದೆ ಅಂತ ಅವಳಿಗೆ ಹೇಗೆ ಹೇಳಲಿ.

"ತೊಳ್ಕೊಂಡು ಬಾ, ಉಣ್ಣೀವಂತೆ."

ಬಲಗೈ ಮಾತ್ರ ತೊಳೆದು ಉಂಡೆ. ಬರೆಯುತ್ತಿರುವುದೂ ಅದರಲ್ಲೇ. ಫ್ಯಾನ್ ಗಾಳಿಗೆ ಪುಟ ಏಳುತ್ತಿದೆ. ಎಡಗೈಯಲ್ಲಿ ಒತ್ತಿ ಹಿಡಿಯಬಹುದು, ಆದರೆ ಅದನ್ನು ಎಲ್ಲೂ ಊರಲು ಮನಸ್ಸು ಬರುತ್ತಿಲ್ಲ. ಮಡಿಲಲ್ಲಿ ಅಂಗೈ ಮೇಲಾಗಿ ಹಾಗೇ ಇಟ್ಟುಕೊಂಡಿದ್ದೇನೆ.