ಪಾತ್ರೆಯ ತಳದ ಹೆಸರು

ಏಪ್ರಿಲ್ ೧೪, ಮಂಗಳವಾರ

ಮದುವೆಯೇ ಆಗದ ನನಗೆ ಈಗ ವಿಚ್ಛೇದನ ಬೇಕಂತೆ. ಬೆಳಗಿನಿಂದ ಇದೇ ತಲೆ ಕೊರೆಯುತ್ತಿದೆ.

ವಕೀಲೆ ರಮೋನಾ ಬಿಡಿಸಿ ಹೇಳಿದಳು: "ಇದು ಟೆಕ್ಸಸ್ ಕಣಮ್ಮಾ. ಚರ್ಚು, ಉಂಗುರ ಏನೂ ಬೇಡ. ಗಂಡ ಹೆಂಡ್ತಿ ಅಂತ ಇಬ್ರೂ ಒಪ್ಕೊಂಡು, ಇಲ್ಲೇ ಸಂಸಾರ ಮಾಡಿ, ನಾಲ್ಕು ಜನರ ಮುಂದೆ ಹಾಗೇ ಹೇಳ್ಕೊಂಡಿದ್ರೆ ಮದುವೆ ಆದಂಗೇ. ಬಿಡೋದಕ್ಕೆ ಮಾತ್ರ ಕೋರ್ಟಿಗೇ ಬರ್ಬೇಕು."

ಏಳು ವರ್ಷ ಜೊತೆಗಿದ್ದರೆ ಮದುವೆ ತಾನಾಗಿಯೇ ಆಗುತ್ತದೆ ಎಂದುಕೊಂಡಿದ್ದೆ. ಅದೆಲ್ಲ ಸುಳ್ಳಂತೆ.

ಸಂಜೆ ವರ್ನನ್ ಬಂದ. ಇಷ್ಟು ವರ್ಷ ನನ್ನ ಜೊತೆ ಬಾಳಿದ ಮನೆಯೊಳಗೆ ಬಾರದೆ ಮೆಟ್ಟಿಲ ಮೇಲೇ ನಿಂತ. ಜೂನ್‌ನಲ್ಲಿ ಆ ಪಿಯಾನೊ ಟೀಚರ್ ಜೊತೆ ಅವನ ಮದುವೆ.

"ಸುಮ್ನೆ ಜೊತೆಗಿದ್ವಿ ಅಷ್ಟೇ ಅಂದ್ಬಿಡು ಡಾರ್ಲಾ. ಕೋರ್ಟು ಗೀರ್ಟು ಯಾಕೆ ಮಾರಾಯ್ತಿ?"

"ಹಾಗಂದ್ರೆ ಈ ಮನೇಲಿ ನನ್ನ ಪಾಲು?"

ಟೋಪಿ ತಿರುಗಿಸುತ್ತ ನಿಂತ. "ನಾನ್ಯಾವತ್ತು ನಿನ್ನ ಹೆಂಡ್ತಿ ಅಂದಿದ್ದೆ, ಹೇಳು?"

ಜಗಳಕ್ಕೂ ತ್ರಾಣವಿರಲಿಲ್ಲ. ಬಾಗಿಲು ಹಾಕಿಕೊಂಡೆ.

ನಾಳೆಯ ಚರ್ಚಿನ ಊಟಕ್ಕೆ ಬೀನ್ಸ್ ಒಯ್ಯಬೇಕೆಂದು ಗಾಜಿನ ಪಾತ್ರೆ ತೆಗೆದೆ. ಅಲ್ಲಿ ಪಾತ್ರೆಗಳು ಅದಲುಬದಲಾಗದಿರಲೆಂದು ನಾವೆಲ್ಲ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತೇವೆ. ನನ್ನ ಪಟ್ಟಿ ಒಲೆಯ ಬಿಸಿಗೆ ಕಂದಿದೆ, ಆದರೂ ಓದಬಹುದು: ಮಿಸೆಸ್ ವರ್ನನ್ ಟ್ಯಾಕೆಟ್. ಈ ಊರಿಗೆ ಬಂದ ಹೊಸದರಲ್ಲಿ, ಮೊದಲ ಊಟಕ್ಕೆ ಹೊರಟಾಗ ಬರೆದದ್ದು.

ಬರೆದವನು ವರ್ನನ್.

ಬೀನ್ಸ್ ಬೇರೆ ಪಾತ್ರೆಯಲ್ಲಿ ಹೋಗಲಿ. ಇದು ರಮೋನಾಳ ಮೇಜಿಗೆ ಹೋಗಬೇಕು. ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸುತ್ತಿಲ್ಲ. ಮತ್ತೆ ಮತ್ತೆ ತಿರುಗಿಸಿ ಅದನ್ನೇ ನೋಡುತ್ತ ಕೂತಿದ್ದೇನೆ. ಎಷ್ಟು ದುಂಡಗೆ ಬರೆದಿದ್ದಾನೆ, ಎಷ್ಟು ಅಕ್ಕರೆಯಿಂದ.